ಕೆತ್ತದ ಕಲ್ಲು, ಮೇಯುವ ಕಾವಲು

— ಮೇಷ್ಟ್ರೇ, ಬೇಲೂರಿನಲ್ಲಿ ಹುಟ್ಟಿ ಬೆಳೆದ ಹುಡುಗಿ ಕೈಗೆ ಕ್ಯಾಮೆರಾ ಸಿಕ್ಕರೆ ಮೊದಲು ಏನು ತೆಗೀತಾಳೆ? ಚೆನ್ನಕೇಶವನ ಗುಡಿಯ ಮದನಿಕೆಯರನ್ನ ತಾನೆ? ದರ್ಪಣ ಸುಂದರಿಯ ಮುಖಕ್ಕೆ ಬೆಳಕು ಯಾವ ತಿಂಗಳಲ್ಲಿ, ಎಷ್ಟು ಹೊತ್ತಿಗೆ ಬರುತ್ತೆ ಅನ್ನೋದು ನಮ್ಮೂರಲ್ಲಿ ಕ್ಯಾಮೆರಾ ಹಿಡಿದವರಿಗೆಲ್ಲ ಬಾಯಿಪಾಠ. ನೀವು ಮಾತ್ರ ನನ್ನ ಚಿತ್ರಗಳನ್ನೆಲ್ಲ ನೋಡಿ ಮುಗಿಸಿ, ‘ಈ ಗುಡಿ ಯಾವ ನೆಲದ ಮೇಲೆ ನಿಂತಿದೆಯೋ ಅದನ್ನೂ ಒಂದು ಸಲ ತೋರಿಸಮ್ಮ’ ಅಂದಿರಿ. ಆವತ್ತಿನಿಂದ ಆ ಮಾತು ತಲೆಯಲ್ಲೇ ಕೂತಿದೆ.

— ನಿನ್ನೊಬ್ಬಳನ್ನೇ ಕೇಳಿದ್ದಲ್ಲ ಕಣಮ್ಮ. ನಮ್ಮ ಸೀಮೆಗೆ ಕ್ಯಾಮೆರಾ ಬಂದು ನೂರ ಅರವತ್ತು ವರ್ಷಕ್ಕೂ ಮೇಲಾಯಿತು. 1856ರಲ್ಲಿ ಕ್ಯಾಪ್ಟನ್ ಓಕ್ಲಿ ಹಳೇಬೀಡಿನ ಹೊಯ್ಸಳೇಶ್ವರನ ಫೋಟೊ ತೆಗೆದರು. 1859ರಲ್ಲಿ ಐವತ್ತಾರು ಚಿತ್ರಗಳ ಪುಸ್ತಕವಾಗಿ ಅದು ಲಂಡನ್ನಿನಲ್ಲಿ ಹೊರಬಂತು. ಅದೇ ಕಾಲದಲ್ಲಿ ಡಾಕ್ಟರ್ ನೀಲ್ ಅನ್ನುವವರೂ ತೆಗೆದರು. ಅವರ ಚಿತ್ರಗಳನ್ನೂ ಇನ್ನಿಬ್ಬರದನ್ನೂ ಸೇರಿಸಿ 1866ರಲ್ಲಿ ಧಾರವಾಡ–ಮೈಸೂರು ಸೀಮೆಯ ವಾಸ್ತುಶಿಲ್ಪದ ದೊಡ್ಡ ಗ್ರಂಥ ಮಾಡಿದರು. ಆಗಿನಿಂದ ಈಗಿನ ಮೊಬೈಲಿನವರೆಗೆ, ಹಳೇಬೀಡಿಗೆ ಬಂದ ಕಣ್ಣೆಲ್ಲ ಗೋಡೆಯ ಕಡೆಗೇ ತಿರುಗಿದೆ. ಬೆನ್ನ ಹಿಂದೆ ಬೆಣ್ಣೆಗುಡ್ಡ ಇದೆ, ಪುಷ್ಪಗಿರಿ ಇದೆ, ದ್ವಾರಸಮುದ್ರದ ಕೆರೆ ಇದೆ. ಅರಸೀಕೆರೆ ಕಡೆ ಹೊರಟರೆ ಹುಲ್ಲಿನ ಬಯಲು, ಬಂಡೆಯ ಗುಡ್ಡ. ಇದನ್ನೆಲ್ಲ ದಾರಿಯಲ್ಲಿ ದಾಟಿ ಹೋಗುವ ಜಾಗ ಅಂದುಕೊಂಡೇ ಬಂದಿದ್ದೇವೆ.

— ಗುಡಿಯ ಕಡೆ ತಿರುಗಿದ್ದಕ್ಕೆ ಕಾರಣ ಇದೆಯಲ್ಲ. ಓಕ್ಲಿ ಬಂದಾಗ ಫೋಟೊ ಅಂದರೆ ಎಷ್ಟು ಕಷ್ಟ. ಕಾಗದಕ್ಕೋ ಗಾಜಿಗೋ ರಾಸಾಯನಿಕ ಬಳಿದು, ಪೆಟ್ಟಿಗೆಯೊಳಗಿಟ್ಟು, ಲೆನ್ಸಿನ ಮುಚ್ಚಳ ತೆಗೆದು ಕಾಯಬೇಕು. ಆ ಹೊತ್ತಿನಲ್ಲಿ ಹುಲ್ಲು ಅಲುಗಿದರೆ ಕಲಸಿಹೋಗುತ್ತೆ, ಮೋಡ ಸರಿದರೆ ಆಕಾಶ ಬರೀ ಬಿಳಿ ಆಗುತ್ತೆ. ಆಗಿನ ರಾಸಾಯನಿಕಕ್ಕೆ ನೀಲಿ ಬೆಳಕು ಅಂದರೆ ಅತಿ ಆಸೆ. ನೆಲ ಸರಿಯಾಗಿ ಬರುವಷ್ಟು ಹೊತ್ತು ಬಿಟ್ಟರೆ ಆಕಾಶ ಸುಟ್ಟೇಹೋಗಿರುತ್ತೆ. ಅಲುಗದೆ ನಿಲ್ಲೋದು ಕಲ್ಲು ಮಾತ್ರ. ಅದರಲ್ಲೂ ಬಳಪದ ಕಲ್ಲಿನ ಕೆತ್ತನೆ, ಒಂದೊಂದು ಮಣಿಯೂ ಬಿಡಿಬಿಡಿಯಾಗಿ ಕಾಣುತ್ತೆ. ನಾನು ಆ ಕಾಲದಲ್ಲಿದ್ದರೂ ಗೋಡೆಯನ್ನೇ ತೆಗೀತಿದ್ದೆ.

— ತೆಗೆಯಬೇಕಾದ್ದೇ. ಅದರಿಂದ ಆದ ಒಳ್ಳೆಯದೂ ಕಡಿಮೆಯಲ್ಲ. ಮೇಜರ್ ಡಿಕ್ಸನ್ ಮೈಸೂರು ಸೀಮೆಯ ಶಾಸನಗಳ ಫೋಟೊ ತೆಗೆದಿಟ್ಟರು. ಲೂಯಿ ರೈಸ್ 1879ರಲ್ಲಿ ಮೈಸೂರಿನ ಶಾಸನಗಳ ಅನುವಾದ ಪ್ರಕಟಿಸಿದ್ದು ಆ ಫೋಟೊಗಳ ಆಧಾರದ ಮೇಲೆ. ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ ಬಿದ್ದಿದ್ದ ಕಲ್ಲು ಫೋಟೊ ಆದಮೇಲೆ ಚರಿತ್ರೆಯ ದಾಖಲೆ ಆಯಿತು. ಇವತ್ತು ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರ ಸೆಪ್ಟೆಂಬರಿನಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಇಷ್ಟು ತಲೆಮಾರು ಅವನ್ನು ನೋಡಿ, ಬರೆದು, ಚಿತ್ರ ತೆಗೆದು ಬಂದದ್ದರ ಪಾಲೂ ಅದರಲ್ಲಿದೆ. ನನ್ನ ಸಂಕಟ ಇಷ್ಟೇ: ಕೆತ್ತಿದ ಕಲ್ಲಿಗೆ ಸಿಕ್ಕ ಈ ಭಾಗ್ಯ ಕೆತ್ತದ ಕಲ್ಲಿಗೆ ಸಿಗಲಿಲ್ಲ. ದನ ಮೇಯುವ ಹುಲ್ಲಿನ ಕಾವಲಿಗಂತೂ ಸಿಗಲೇ ಇಲ್ಲ. ದಾಖಲೆಯಿಲ್ಲದ ನೆಲ ಬೇಗ ಕೈಬಿಟ್ಟುಹೋಗುತ್ತೆ.

— ಆ ದಾಖಲೆಯ ಮಾತಿಗೆ ಆಮೇಲೆ ಬರೋಣ. ಮೊದಲು ನನ್ನ ಕಷ್ಟ ಕೇಳಿ. ಬಾಣಾವರದ ಆಚೆ ಕಾವಲಿನ ನಡುವೆ ನಿಂತು ಕ್ಯಾಮೆರಾದಲ್ಲಿ ಕಣ್ಣಿಟ್ಟರೆ ಕಾಣೋದೇನು? ಅರ್ಧ ಆಕಾಶ, ಅರ್ಧ ಹುಲ್ಲು, ನಡುವೆ ಒಂದು ಗೆರೆ. ಗುಡಿಯಲ್ಲಿ ಕಣ್ಣಿಗೆ ಕೂರೋಕೆ ಜಾಗ ಇರುತ್ತೆ. ಇಲ್ಲಿ ಕಣ್ಣು ಜಾರಿಕೊಂಡು ಚೌಕಟ್ಟಿನಿಂದ ಹೊರಗೇ ಹೋಗಿಬಿಡುತ್ತೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಹೋಗುವವರು ಅರಸೀಕೆರೆ ದಾಟಿದ ಮೇಲೆ ಕಿಟಕಿ ಬಿಟ್ಟು ಮೊಬೈಲ್ ನೋಡೋದು ಸುಮ್ಮನೆ ಅಲ್ಲ.

— ಬಯಲಿನಲ್ಲಿ ಏನಿದೆ ಅಂತ ಗೊತ್ತಿಲ್ಲದವರಿಗೆ ಹಾಗೆ ಅನ್ನಿಸುತ್ತೆ. ನೀನು ಯಾವ ಲೆನ್ಸು ಹಾಕಿದ್ದೆ?

— ಎಲ್ಲರೂ ಹಾಕೋದೇ. ಇಪ್ಪತ್ತು ಮಿಲಿಮೀಟರಿನ ಆಸುಪಾಸಿನ ಅಗಲದ ಲೆನ್ಸು. ಬಯಲು ದೊಡ್ಡದು, ದೊಡ್ಡದಾಗೇ ಬರಲಿ ಅಂತ. ಆದರೆ ಅಗಲದ ಲೆನ್ಸು ಹತ್ತಿರದ್ದನ್ನ ಹಿಗ್ಗಿಸಿ ದೂರದ್ದನ್ನ ಕುಗ್ಗಿಸುತ್ತೆ. ಕಣ್ಣಿಗೆ ಎದೆಯೆತ್ತರ ಬಂದು ನಿಂತ ಗುಡ್ಡ ಫೋಟೊದಲ್ಲಿ ಒಂದು ಗುಬುಟು. ಆಮೇಲೆ ಉಲ್ಟಾ ಮಾಡಿದೆ. ದೂರದಿಂದ ಉದ್ದದ ಲೆನ್ಸಿನಲ್ಲಿ, ನೂರರಿಂದ ಇನ್ನೂರರ ನಡುವೆ, ನೋಡಿದಾಗ ಬಯಲು ಪದರ ಪದರವಾಗಿ ಹತ್ತಿರ ಬಂತು. ಮುಂದೆ ಒಣ ಹುಲ್ಲು, ಅದರ ಹಿಂದೆ ಜಾಲಿಮರದ ಸಾಲು, ಅದರಾಚೆ ತೆಂಗಿನ ತೋಟದ ಕಪ್ಪು ಪಟ್ಟಿ, ಅದರ ಮೇಲೆ ಗುಡ್ಡದ ಬೆನ್ನು. ಇಲ್ಲಿನ ಭೂಮಿ ಆಳದ ಕಡೆಗೆ ಹರಡಿಕೊಂಡಿದೆ, ಅಗಲದಲ್ಲಿ ಅದನ್ನ ಹಿಡಿಯೋಕಾಗಲ್ಲ. ಅದು ಗೊತ್ತಾದ ಮೇಲೆ ಕಣ್ಣಿಗೆ ಕೂರೋಕೆ ಜಾಗ ಸಿಕ್ಕಿತು.

— ನೋಡು, ಅದೇ ಪದರಗಳನ್ನ ನಾನು ಮೂವತ್ತು ವರ್ಷ ಕಪ್ಪು ಹಲಗೆ ಮೇಲೆ ಬರೆದೆ. ಬೇಲೂರಿನಿಂದ ಅರಸೀಕೆರೆಗೆ ಐವತ್ತು ಕಿಲೋಮೀಟರಿನ ಸುತ್ತು ಅಷ್ಟೇ. ಅಷ್ಟರಲ್ಲೇ ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುತ್ತೆ. ಬೇಲೂರಿನ ಪಶ್ಚಿಮಕ್ಕೆ ಕಾಫಿ ತೋಟ, ಯಗಚಿ ಹೊಳೆ. ಹಳೇಬೀಡು ನಡುವಿನ ಹೊಸ್ತಿಲು. ಅರಸೀಕೆರೆಗೆ ಬಂದರೆ ಕೆಂಪು ಮಣ್ಣು, ರಾಗಿ ಹೊಲ, ಕೊಬ್ಬರಿಯ ಮಾರುಕಟ್ಟೆ. ಬಾಬಾಬುಡನ್ ಗಿರಿಯ ಸಾಲು ಮಳೆಯನ್ನ ಆ ಕಡೆಯೇ ಇಳಿಸಿಕೊಂಡುಬಿಡುತ್ತೆ. ಆಷಾಢದಲ್ಲಿ ನಮ್ಮ ತಲೆ ಮೇಲೆ ಮೋಡ ಓಡುತ್ತೆ, ಬೀಳಲ್ಲ. ರೈತನಿಗೆ ಅದು ಸಂಕಟ. ನಿನಗೆ?

— ಹೇಳೋಕೆ ಸಂಕೋಚ ಆಗುತ್ತೆ ಮೇಷ್ಟ್ರೇ, ನನಗೆ ವರ್ಷದ ಬೆಸ್ಟ್ ಬೆಳಕು ಅದೇ. ಜೂನ್ ಕೊನೆ, ಜುಲೈ. ಆರಿದ್ರೆ, ಪುನರ್ವಸು ಮಳೆಗಳ ಹೊತ್ತು. ಮೋಡದ ನೆರಳು ಕಾವಲಿನ ಮೇಲೆ ಓಡ್ತಾ ಇರುತ್ತೆ. ಎದುರಿನ ಬಂಡೆಗುಡ್ಡಕ್ಕೆ ಬಿಸಿಲು ಬಿದ್ದು, ಮುಂದಿನ ಹುಲ್ಲು ನೆರಳಲ್ಲಿರುವ ಒಂದು ಗಳಿಗೆ ಬರುತ್ತೆ. ಟ್ರೈಪಾಡ್ ನಿಲ್ಲಿಸಿ, ಚೌಕಟ್ಟು ಮೊದಲೇ ಕಟ್ಟಿಕೊಂಡು ಕಾಯಬೇಕು. ಬೇಸಿಗೆಯಲ್ಲಿ ಇದು ಸಾಧ್ಯವೇ ಇಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಧೂಳು, ಬೆಂಕಿಯ ಹೊಗೆ ಸೇರಿ ಗುಡ್ಡವೆಲ್ಲ ಬೂದಿಬಣ್ಣ. ಭರಣಿ ಮಳೆ ಒಂದು ಹದ ಹೊಯ್ದರೆ ಮರುದಿನ ಬೆಳಿಗ್ಗೆ ಗಾಳಿ ತೊಳೆದಿಟ್ಟ ಹಾಗಿರುತ್ತೆ. ಆ ದಿನ ಪುಷ್ಪಗಿರಿ ಹತ್ತಿದರೆ ಪಶ್ಚಿಮಕ್ಕೆ ಗಿರಿಯ ಸಾಲು ಸ್ಪಷ್ಟವಾಗಿ ಕಾಣುತ್ತೆ.

— ಎಲ್ಲರೂ ಸೂರ್ಯ ಹುಟ್ಟುವಾಗ, ಮುಳುಗುವಾಗ ತೆಗೀಬೇಕು ಅಂತಾರಲ್ಲ. ನನಗೂ ಆ ಹೊಂಬಿಸಿಲಿನ ಚಿತ್ರಗಳೇ ಇಷ್ಟ.

— ಇಷ್ಟ ಆಗುತ್ತೆ, ನಿಜ. ಆದರೆ ಹೊಂಬಿಸಿಲು ಬಿದ್ದಮೇಲೆ ಎಲ್ಲ ಊರೂ ಒಂದೇ ಊರು. ಅರಸೀಕೆರೆಯ ಗುಡ್ಡ, ಹಂಪಿಯ ಗುಡ್ಡ, ರಾಜಸ್ಥಾನದ ಗುಡ್ಡ ಎಲ್ಲಕ್ಕೂ ಅದೇ ಜೇನಿನ ಬಣ್ಣ. ನನಗೆ ಬೇಕಾದ್ದು ಈ ಬಂಡೆಯ ಮೈ. ಅದಕ್ಕೆ ಸೂರ್ಯ ಹುಟ್ಟಿ ಒಂದು ಒಂದೂವರೆ ಗಂಟೆ ಆದಮೇಲಿನ ಓರೆ ಬಿಸಿಲು ಸಾಕು. ಬಣ್ಣ ಬಿಳಿಗೆ ತಿರುಗಿರುತ್ತೆ, ನೆರಳು ಇನ್ನೂ ಉದ್ದ ಇರುತ್ತೆ, ಬಂಡೆಯ ಪ್ರತಿ ಸೀಳೂ ಎದ್ದು ಕಾಣುತ್ತೆ. ಬಳಪದ ಕಲ್ಲಿನ ಗುಡಿಗೆ ಇದು ನಡೆಯಲ್ಲ. ಅದು ಕಪ್ಪು, ನುಣುಪು, ನೇರ ಬಿಸಿಲು ಬಿದ್ದರೆ ಹೊಳೆದು ಕೆತ್ತನೆ ಕಾಣೋದೇ ಇಲ್ಲ. ಅದಕ್ಕೆ ಮೋಡದ ಬೆಳಕೇ ಬೇಕು. ಒಂದೇ ತಾಲ್ಲೂಕಿನ ಎರಡು ಕಲ್ಲಿಗೆ ಎರಡು ಥರದ ಆಕಾಶ ಬೇಕು.

— ಎರಡು ಕಲ್ಲು ಹುಟ್ಟಿದ ಬಗೆಯೇ ಬೇರೆಯಲ್ಲವೇ. ಬಳಪದ ಕಲ್ಲು ಮೆತ್ತಗಿನದು. ಗಣಿಯಿಂದ ತೆಗೆದಾಗ ಉಳಿಗೆ ಬಗ್ಗುತ್ತೆ, ಗಾಳಿಗೆ ಬಿದ್ದಮೇಲೆ ಗಟ್ಟಿಯಾಗುತ್ತೆ ಅಂತ ಶಿಲ್ಪಿಗಳು ಹೇಳುತ್ತಾರೆ. ಹೊಯ್ಸಳರು ಅದನ್ನ ಹುಡುಕಿ ಆರಿಸಿಕೊಂಡರು. 1117ರಲ್ಲಿ ಬೇಲೂರಿನ ಚೆನ್ನಕೇಶವ, ಅದಾದ ಸ್ವಲ್ಪದರಲ್ಲೇ ಹಳೇಬೀಡು, ನೂರು ವರ್ಷ ಕಳೆದು 1220ರ ಹೊತ್ತಿಗೆ ನಮ್ಮ ಅರಸೀಕೆರೆಯ ಶಿವಾಲಯ. ಹದಿನಾರು ಮೂಲೆಯ ನಕ್ಷತ್ರದ ಹಾಗಿರುವ ಆ ಮುಂದಿನ ಮಂಟಪವನ್ನ ನಾನು ಎಷ್ಟು ಮಕ್ಕಳಿಗೆ ತೋರಿಸಿದ್ದೇನೋ. ಗುಡ್ಡದ ಗ್ರಾನೈಟು ಆ ಉಳಿಗೆ ಬಗ್ಗುವ ಜಾತಿಯದಲ್ಲ. ಅರಸೀಕೆರೆ–ಬಾಣಾವರದ ಗ್ರಾನೈಟಿಗೆ ಸುಮಾರು 260 ಕೋಟಿ ವರ್ಷ ವಯಸ್ಸು ಅಂತ ಭೂವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಭೂಮಿಯ ಒಳಗೆ ಆಳದಲ್ಲಿ ತಣ್ಣಗಾದ ಕಲ್ಲು ಅದು. ಮೇಲಿನ ಭಾರ ಸವೆದು ಹೋಗುತ್ತಾ ಬಂದ ಹಾಗೆ ಹಿಗ್ಗಿ, ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಡುತ್ತೆ. ಬಂಡೆ ದುಂಡಗಾಗುವುದೂ, ಒಂದರ ಮೇಲೊಂದು ಕೂತ ಹಾಗೆ ಕಾಣುವುದೂ ಹೀಗೆ. ಯಾರೋ ತಂದು ಜೋಡಿಸಿದ್ದಲ್ಲ, ಇದ್ದ ಜಾಗದಲ್ಲೇ ಬಿಡಿಬಿಡಿ ಆದದ್ದು.

— ಬಂಡೆಯ ಮೇಲೆ ಕಪ್ಪು ಪಟ್ಟೆ ಇಳಿದಿರುತ್ತಲ್ಲ?

— ಮಳೆನೀರು ಪ್ರತಿ ವರ್ಷ ಅದೇ ದಾರಿ ಹಿಡಿದು ಇಳಿಯುತ್ತೆ. ಆ ತೇವದಲ್ಲಿ ಪಾಚಿಯಂಥ ಸೂಕ್ಷ್ಮ ಜೀವಿ ಬೆಳೆದು, ಒಣಗಿ, ಕಪ್ಪಾಗುತ್ತೆ. ಬೂದಿಬಣ್ಣ, ಹಳದಿ ಚುಕ್ಕೆಗಳು ಕಲ್ಲುಹೂವು. ಒಂದು ಅಂಗೈ ಅಗಲ ಆಗೋಕೆ ಅದಕ್ಕೆ ಎಷ್ಟೋ ವರ್ಷ ಬೇಕು. ಬಂಡೆ ಹತ್ತುವಾಗ ಬೂಟುಗಾಲಲ್ಲಿ ಕೆರೆಯಬೇಡ.

— ಬಂಡೆ ಹತ್ತುವ ಮಾತು ಬಂತಲ್ಲ, ಜೇನುಕಲ್ಲು ಸಿದ್ದೇಶ್ವರ ಬೆಟ್ಟಕ್ಕೆ ಹುಣ್ಣಿಮೆ ರಾತ್ರಿ ಹೋಗಿದ್ದೆ. ಅಲ್ಲಿ ಹುಣ್ಣಿಮೆಗೆ ಜನ ಬರುತ್ತಾರೆ ಅಂತ ಗೊತ್ತಿತ್ತು, ಆದರೆ ಅಷ್ಟು ಜನ! ಟಾರ್ಚಿನ ಬೆಳಕು ಗುಡ್ಡದ ಮೈಮೇಲೆ ಸಾಲಾಗಿ ಹತ್ತುತ್ತಾ ಇತ್ತು. ಹುಣ್ಣಿಮೆಯ ಬೆಳಕು ಬಿಸಿಲಿಗಿಂತ ನಾಲ್ಕು ಲಕ್ಷ ಪಟ್ಟು ಮಂಕು. ಆದರೂ ಐಎಸ್‌ಒ 1600, ಎಫ್ 2.8, ಹತ್ತು ಹದಿನೈದು ಸೆಕೆಂಡು ಕೊಟ್ಟರೆ ಬಂಡೆಯ ಮೈ ಹಗಲಿನ ಹಾಗೆ ಬರುತ್ತೆ, ಆಕಾಶದಲ್ಲಿ ನಕ್ಷತ್ರವೂ ಉಳಿಯುತ್ತೆ. ಆ ಹದಿನೈದು ಸೆಕೆಂಡಿನಲ್ಲಿ ಜನ ನಡೆಯುತ್ತಾರಲ್ಲ, ಅವರು ಕಾಣಲ್ಲ. ಅವರ ಕೈಯಲ್ಲಿದ್ದ ಬೆಳಕು ಮಾತ್ರ ಗೆರೆಯಾಗಿ ಕಾಣುತ್ತೆ. ಗುಡ್ಡ ಹೇಗೆ ಹತ್ತಬೇಕು ಅನ್ನುವ ನಕ್ಷೆ ತಾನಾಗೇ ಬರೆದುಕೊಂಡ ಹಾಗಿತ್ತು. ನಾನು ಇಲ್ಲಿ ತೆಗೆದದ್ದರಲ್ಲಿ ನನಗೆ ಅತ್ಯಂತ ಪ್ರೀತಿಯ ಚಿತ್ರ ಅದು.

— ಒಬ್ಬಳೇ ಹೋಗಬೇಡ ಅಂತ ಮಾತ್ರ ಹೇಳುತ್ತೇನೆ. ಹುಣ್ಣಿಮೆ ದಿನ ಸರಿ, ಜನ ಇರುತ್ತಾರೆ. ಬೇರೆ ದಿನ ಬೆಳಗಿನ ಜಾವ ನಮ್ಮ ಬಂಡೆಗುಡ್ಡ ಹತ್ತೋದು ಅಪಾಯ. ಈ ತಾಲ್ಲೂಕಿನ ಗುಡ್ಡಗಳೆಲ್ಲ ಕರಡಿಯ ಮನೆ. ರಾತ್ರಿಯೆಲ್ಲ ಗೆದ್ದಲು, ಹಣ್ಣು ತಿಂದು ಬೆಳಕಾಗುವ ಹೊತ್ತಿಗೆ ಬಂಡೆಯ ಸಂದಿಗೆ ವಾಪಸು ಬರುತ್ತೆ. ನೀವು ಬೆಳಕು ಹುಡುಕಿಕೊಂಡು ಹತ್ತುವ ಹೊತ್ತು, ಅದು ಮನೆಗೆ ಬರುವ ಹೊತ್ತು, ಎರಡೂ ಒಂದೇ. ಅದಕ್ಕೆ ಕಣ್ಣು ಮಂಕು, ಹತ್ತಿರ ಹೋಗುವವರೆಗೂ ಗೊತ್ತಾಗಲ್ಲ, ಗೊತ್ತಾದರೆ ಗಾಬರಿಯಿಂದ ಮೈಮೇಲೆ ಬೀಳುತ್ತೆ. ಊರಿನವರನ್ನ ಕೇಳದೆ ಗುಡ್ಡಕ್ಕೆ ಕಾಲಿಡಬಾರದು.

— ಅದಕ್ಕೇ ನಾನು ಒಂದು ನಿಯಮ ಮಾಡಿಕೊಂಡಿದ್ದೇನೆ. ಬಂಡೆಗುಡ್ಡದ ಚಿತ್ರ ಹಾಕುವಾಗ ಜಾಗದ ಹೆಸರು ಹಾಕಲ್ಲ. ಮುಳ್ಳಯ್ಯನಗಿರಿಯ ಕಡೆ ನೋಡಿ, ಒಂದು ಒಳ್ಳೆ ಚಿತ್ರ ಓಡಾಡಿದರೆ ಮುಂದಿನ ಶನಿವಾರ ರಸ್ತೆ ತುಂಬ ಕಾರು. ಶೋಲಾ ಕಾಡಿನ ಅಂಚಿನ ಹುಲ್ಲಿನ ಮೇಲೆ ಗಾಡಿ ನಿಲ್ಲಿಸುತ್ತಾರೆ. ನಮ್ಮ ಗುಡ್ಡಕ್ಕೆ ಆ ಗತಿ ಬರಬಾರದು. ಮೇಷ್ಟ್ರೇ, ನೀವು ಚಿತ್ರ ತೆಗೆದರೆ ನೆಲ ಉಳಿಯುತ್ತೆ ಅಂತೀರಿ. ನನಗೆ ಎಷ್ಟೋ ಸಲ ಕಾಣೋದು, ಚಿತ್ರ ತೆಗೆದದ್ದರಿಂದಲೇ ನೆಲ ಹಾಳಾಗೋದು.

— ಬಂಡೆಗುಡ್ಡದ ವಿಷಯದಲ್ಲಿ ನಿನ್ನ ಮಾತು ಒಪ್ಪುತ್ತೇನೆ. ಕಾವಲಿನ ವಿಷಯದಲ್ಲಿ ಒಪ್ಪಲ್ಲ. ಗುಡ್ಡಕ್ಕೆ ಜನ ಬಂದು ಹಾಳು ಮಾಡುತ್ತಾರೆ. ಕಾವಲು ಹಾಳಾಗೋದು ಯಾರೂ ಬರದೆ, ಯಾರೂ ನೋಡದೆ, ಕಾಗದದ ಮೇಲೆ. ಕಾವಲು ಅಂದರೆ ಏನು ಅಂತ ನಿನ್ನ ವಯಸ್ಸಿನವರಿಗೆ ಶಾಲೆಯಲ್ಲಿ ಹೇಳಿದವರು ಯಾರೂ ಇಲ್ಲ, ಅದನ್ನ ಹೇಳಿಬಿಡುತ್ತೇನೆ. ವಿಜಯನಗರದ ಕಾಲದಿಂದ ಬಂದ ಹಸುಗಳ ಮಂದೆ ಮೈಸೂರು ಅರಸರ ಕೈಗೆ ಬಂತು. ಚಿಕ್ಕದೇವರಾಜ ಒಡೆಯರು ಅದಕ್ಕೆ ಬೆಣ್ಣೆ ಚಾವಡಿ ಅಂತ ಇಲಾಖೆ ಕಟ್ಟಿದರು. ಟಿಪ್ಪು ಅದಕ್ಕೆ ಅಮೃತ ಮಹಲ್ ಅಂತ ಹೆಸರಿಟ್ಟ. ಫಿರಂಗಿ ಎಳೆಯೋಕೆ, ದಂಡಿನ ಸಾಮಾನು ಹೊರೋಕೆ ಆ ಎತ್ತಿನ ಸಾಟಿ ಇರಲಿಲ್ಲ. 1799ರ ನಂತರ ಇಂಗ್ಲಿಷರೂ ಆ ತಳಿಯನ್ನ ಬಿಡಲಿಲ್ಲ. ಆ ದನಕ್ಕೆ ಮೇವಿಗಾಗಿ ಬಿಟ್ಟ ನೆಲವೇ ಕಾವಲು. ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗದ ತುಂಬ ಇತ್ತು. ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಹೆಚ್ಚು. ಈಗ ಉಳಿದದ್ದು ಅದರ ಸಣ್ಣ ಪಾಲು. ಅದರೊಳಗೂ ಒಂದು ಲೆಕ್ಕ ಇತ್ತು. ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ಬೇರೆ ಬೇರೆ. ಕೆರೆ ಅಂಗಳ, ನೆರಳಿನ ಮರ ಇದ್ದದ್ದು ಬೇಸಿಗೆಗೆ. ದನ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿತ್ತು, ಅಷ್ಟರಲ್ಲಿ ಹಿಂದಿನದು ಚಿಗುರಿಕೊಳ್ಳುತ್ತಿತ್ತು.

— ಅಂದರೆ ನಾನು ಜುಲೈ ತಿಂಗಳೊಂದರಲ್ಲೇ ಹೋಗಿ ಇದು ಕಾವಲು ಅಂತ ತೋರಿಸಿದರೆ ಅದು ಅರ್ಧ ಚಿತ್ರ.

— ಅರ್ಧವೂ ಅಲ್ಲ. ಒಂದೇ ಜಾಗವನ್ನ ಮಾಗಿಯಲ್ಲಿ, ಬೇಸಿಗೆಯಲ್ಲಿ, ಮುಂಗಾರಿನಲ್ಲಿ, ಹಿಂಗಾರಿನಲ್ಲಿ ಒಂದೇ ಕಡೆ ನಿಂತು ತೆಗಿ. ಏಪ್ರಿಲಿನಲ್ಲಿ ಬೋಳಾಗಿದ್ದ ನೆಲ ಅಕ್ಟೋಬರಿಗೆ ಮೊಣಕಾಲೆತ್ತರದ ಹುಲ್ಲಾಗಿರುತ್ತೆ. ಅಕ್ಕಪಕ್ಕ ಇಟ್ಟು ನೋಡಿದವನು ಅದನ್ನ ಬರಡು ಅನ್ನಲಾರ. ಈಗ ಆಗಿರೋದು ಏನು ಗೊತ್ತಾ? ದೇಶದ ಬಂಜರು ಭೂಮಿಯ ಅಟ್ಲಾಸ್ ಅಂತ ಮಾಡುತ್ತಾರೆ, ಉಪಗ್ರಹದಿಂದ ತೆಗೆದ ಚಿತ್ರ ನೋಡಿ. ಮೊದಲನೆಯದು 2000ದಲ್ಲಿ ಬಂತು. ಕುರುಚಲು, ಹುಲ್ಲುಗಾವಲು ಬಹುಪಾಲು ಅದರಲ್ಲಿ ಬಂಜರಿನ ಲೆಕ್ಕಕ್ಕೆ ಹೋಗಿದೆ. ಅದೂ ಒಂದು ಫೋಟೊನೇ ಕಣಮ್ಮ. ನೂರಾರು ಕಿಲೋಮೀಟರು ಮೇಲಿನಿಂದ ತೆಗೆದದ್ದು. ಮರ ಇಲ್ಲ, ಬೆಳೆ ಇಲ್ಲ, ಹಾಗಾದರೆ ಏನೂ ಇಲ್ಲ ಅಂತ ಅದು ಹೇಳುತ್ತೆ. ಚಳ್ಳಕೆರೆಯಲ್ಲಿ 2008ರಿಂದ ಈಚೆಗೆ ಸುಮಾರು ಹತ್ತು ಸಾವಿರ ಎಕರೆ ಅಮೃತ ಮಹಲ್ ಕಾವಲು ರಕ್ಷಣಾ ಸಂಶೋಧನೆಗೆ, ಅಣುಶಕ್ತಿಗೆ, ವಿಜ್ಞಾನ ಸಂಸ್ಥೆಗೆ ಹೋಯಿತು. ಸುತ್ತಲಿನ ಹಳ್ಳಿಯವರು ಕುರಿ ಮೇಯಿಸುತ್ತಿದ್ದ ನೆಲ. ಬೇಲಿ ಬಂದಮೇಲೆ, ಮೊಕದ್ದಮೆ ಆದಮೇಲೆ ಹೊರಗಿನವರಿಗೆ ಅಲ್ಲೊಂದು ಹುಲ್ಲುಗಾವಲಿತ್ತು ಅಂತ ಗೊತ್ತಾಯಿತು. ಅದಕ್ಕೆ ಮೊದಲು ಅದರ ನಾಲ್ಕು ಒಳ್ಳೆ ಚಿತ್ರಗಳು ಜನರ ಕಣ್ಣಲ್ಲಿ ಇದ್ದಿದ್ದರೆ ಅಂತ ನನಗೆ ಅನ್ನಿಸುತ್ತಲೇ ಇರುತ್ತೆ.

— ಚಿತ್ರ ಇದ್ದಿದ್ದರೆ ಉಳೀತಿತ್ತು ಅಂತ ಹೇಗೆ ಹೇಳ್ತೀರಿ? ಅಮೆರಿಕದಲ್ಲಿ ವಾಟ್ಕಿನ್ಸ್ ಅನ್ನುವ ಫೋಟೊಗ್ರಾಫರ್ 1861ರಲ್ಲಿ ಯೊಸೆಮಿಟಿ ಕಣಿವೆಯ ಚಿತ್ರಗಳನ್ನ ದೊಡ್ಡ ದೊಡ್ಡ ಗಾಜಿನ ಪ್ಲೇಟುಗಳಲ್ಲಿ ತೆಗೆದ. 1864ರಲ್ಲಿ ಲಿಂಕನ್ ಸಹಿ ಹಾಕಿ ಆ ಕಣಿವೆಯನ್ನ ಕಾಪಾಡಿದ. ಭೂದೃಶ್ಯದ ಫೋಟೊಗ್ರಾಫರುಗಳೆಲ್ಲ ಹೆಮ್ಮೆಯಿಂದ ಹೇಳೋ ಕಥೆ. ಅದರ ಇನ್ನೊಂದು ಅರ್ಧ ಯಾರೂ ಹೇಳಲ್ಲ. ಆ ಕಣಿವೆಯಲ್ಲಿ ತಲೆತಲಾಂತರದಿಂದ ಬದುಕಿದ್ದ ಅಹ್ವಾನೀಚಿ ಜನರ ಮೇಲೆ 1851ರಲ್ಲೇ ದಂಡು ಹೋಗಿ ಓಡಿಸಿತ್ತು. ಹತ್ತು ವರ್ಷದ ಮೇಲೆ ತೆಗೆದ ಚಿತ್ರದಲ್ಲಿ ಬಂಡೆ, ನೀರು, ಮರ, ಮನುಷ್ಯರಿಲ್ಲ. ಮನುಷ್ಯರಿಲ್ಲದ ಜಾಗ ಅಂತಲೇ ಲೋಕ ಅದನ್ನ ಪ್ರೀತಿಸಿತು. ನಾನು ಕುರಿಗಾಹಿ ಚೌಕಟ್ಟಿನಿಂದ ಆಚೆ ಹೋಗಲಿ ಅಂತ ಕಾದು ಕಾವಲಿನ ಚಿತ್ರ ತೆಗೆದರೆ, ಉಪಗ್ರಹ ಹೇಳಿದ್ದನ್ನೇ ಇನ್ನೂ ಚಂದ ಮಾಡಿ ಹೇಳಿದ ಹಾಗಾಗಲ್ವಾ?

— ಇದು ನಾನು ಯೋಚಿಸದೇ ಇದ್ದ ಮಾತು. ಮುಂದೆ ಹೇಳು.

— ನಮ್ಮ ಕಲಿಕೆಯೇ ಹಾಗಿದೆ ಮೇಷ್ಟ್ರೇ. ಭೂದೃಶ್ಯ ಅಂದರೆ ಶುದ್ಧವಾಗಿರಬೇಕು, ಕರೆಂಟು ಕಂಬ ಬರಬಾರದು, ಪ್ಲಾಸ್ಟಿಕ್ ಬರಬಾರದು, ದಾರಿಯಲ್ಲಿ ಹೋಗುವವನು ಬರಬಾರದು. ಸ್ಪರ್ಧೆಯ ತೀರ್ಪುಗಾರರೂ ಅದನ್ನೇ ನೋಡೋದು. ನನಗೆ ದಾರಿ ತೋರಿಸಿದ್ದು ಇಂಗ್ಲೆಂಡಿನ ಫೇ ಗಾಡ್ವಿನ್. ಅಲ್ಲಿ ಎತ್ತರದ ಮೇಲೆ ಮರವಿಲ್ಲದ ಹುಲ್ಲು, ಪೊದೆ, ಬಂಡೆಯ ಬಯಲುಗಳಿವೆ, ಮೂರ್ ಅಂತಾರೆ. ಯಾರ್ಕ್‌ಷೈರಿನ ಅಂಥ ಬಯಲಿನ ಕಪ್ಪುಬಿಳುಪು ಚಿತ್ರಗಳನ್ನ ಆಕೆ ಕವಿ ಟೆಡ್ ಹ್ಯೂಸ್ ಜೊತೆ 1979ರಲ್ಲಿ ಪುಸ್ತಕ ಮಾಡಿದಳು. ಆ ಚಿತ್ರಗಳಲ್ಲಿ ಪಾಳುಬಿದ್ದ ಗೋಡೆ, ಮುಚ್ಚಿದ ಗಿರಣಿ, ಕುರಿದಾರಿ ಎಲ್ಲ ಇವೆ. ಹಕ್ಕಿ ಬೇಟೆಗಾಗಿ ಶ್ರೀಮಂತರು ಬೇಲಿ ಹಾಕಿಕೊಂಡ ಬಯಲುಗಳಲ್ಲಿ ನಡೆಯುವ ಹಕ್ಕು ಎಲ್ಲರಿಗೂ ಬೇಕು ಅಂತ ಹೋರಾಡುತ್ತಿದ್ದ ಪಾದಚಾರಿಗಳ ಸಂಘಕ್ಕೆ ಆಕೆ ಅಧ್ಯಕ್ಷೆಯೂ ಆದಳು. 1990ರ ಇನ್ನೊಂದು ಪುಸ್ತಕದ ತುಂಬ ಬೇಲಿ, ಬೀಗ, ಒಳಗೆ ಬರಬೇಡಿ ಅನ್ನೋ ಫಲಕಗಳ ಚಿತ್ರ. ಅಲ್ಲಿ ಆ ಹಕ್ಕಿನ ಕಾನೂನು ಬಂದದ್ದು 2000ದಲ್ಲಿ. ಫೋಟೊದಿಂದಲೇ ಬಂತು ಅಂತ ನಾನು ಹೇಳಲ್ಲ. ಆದರೆ ಆಕೆ ತೆಗೆದ ಬಯಲನ್ನ ಖಾಲಿ ಅಂತ ಯಾರೂ ಹೇಳೋಕಾಗಲ್ಲ.

— ಹಾಗಾದರೆ ನಿನ್ನ ಚೌಕಟ್ಟಿನೊಳಗೆ ಯಾರು ಬರಬೇಕು?

— ಕುರಿಮಂದೆ ಬರಬೇಕು, ಕಂಬಳಿ ಹೊದ್ದವರು ಬರಬೇಕು. ಹಂಚಿಕಡ್ಡಿ ಕೊಯ್ದು ಪೊರಕೆ ಕಟ್ಟುವ ಹೆಂಗಸರು ಬರಬೇಕು. ಆದರೆ ಅಲಂಕಾರಕ್ಕಲ್ಲ. ಗುಡ್ಡ ಎಷ್ಟು ದೊಡ್ಡದು ಅಂತ ತೋರಿಸೋಕೆ ಮೂಲೆಯಲ್ಲಿ ಒಬ್ಬ ಮನುಷ್ಯನನ್ನ ನಿಲ್ಲಿಸುತ್ತಾರಲ್ಲ, ಅದು ನನಗೆ ಬೇಡ. ಅವರ ಕೆಲಸ ನಡೀತಾ ಇರುವಾಗ, ಕೇಳಿ, ಒಪ್ಪಿದ ಮೇಲೆ ತೆಗೀತೀನಿ. ಚಿತ್ರವನ್ನ ಅವರ ಮಗನ ಮೊಬೈಲಿಗೆ ಕಳಿಸ್ತೀನಿ. ಒಬ್ಬ ಅಜ್ಜ ನನ್ನ ಚಿತ್ರ ನೋಡಿ, ಈ ಮೂಲೆಯಲ್ಲಿ ಗೌಜಲಕ್ಕಿ ಗೂಡಿದೆ, ಇಲ್ಲಿ ಹುಲ್ಲು ಸಿಹಿ, ಆ ಕಡೆ ದನ ಬಾಯಿ ಹಾಕಲ್ಲ ಅಂತ ಬೆರಳಿಟ್ಟು ಹೇಳಿದರು. ನನ್ನ ಚಿತ್ರದಲ್ಲಿ ನನಗೇ ಕಾಣದ್ದು ಅವರಿಗೆ ಕಾಣ್ತಿತ್ತು.

— ಪ್ರಾಣಿಗಳನ್ನೂ ಸೇರಿಸಿಕೊ. ಪಕ್ಕದ ಕಡೂರು ತಾಲ್ಲೂಕಿನ ಬಾಸೂರು ಕಾವಲಿನಲ್ಲಿ ಕೃಷ್ಣಮೃಗ ಇವೆ. 2011ರಲ್ಲಿ ಅದನ್ನ ಸಂರಕ್ಷಿತ ಮೀಸಲು ಅಂತ ಘೋಷಿಸಿದರು. ಏಳು ಚದರ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ಅಷ್ಟೇ. ಹುಲ್ಲಿಗಾಗಿ ಉಳಿಸಿದ ನೆಲ, ಹುಲ್ಲನ್ನ ನಂಬಿದ ಜಿಂಕೆ. ತೋಳ, ಗುಳ್ಳೆನರಿ, ನೆಲದಲ್ಲೇ ಮೊಟ್ಟೆ ಇಡುವ ಹಕ್ಕಿಗಳಿಗೆ ಕಾಡು ಬೇಡ, ಇದೇ ಬೇಕು. ಒಳ್ಳೆಯದು ಮಾಡುತ್ತೇವೆ ಅಂತ ಇಲ್ಲಿ ನೀಲಗಿರಿ, ಅಕೇಶಿಯಾ ನೆಟ್ಟರೂ ಇವು ಹೋಗಿಬಿಡುತ್ತವೆ. ಮೂಡಿಗೆರೆಯ ತೇಜಸ್ವಿಯವರು ಹಕ್ಕಿಯ ಬೆನ್ನು ಹತ್ತಿ ವರ್ಷಗಟ್ಟಲೆ ಕ್ಯಾಮೆರಾ ಹಿಡಿದು ಕೂತದ್ದರಿಂದ ಎಷ್ಟು ಮಕ್ಕಳು ಹಕ್ಕಿ ನೋಡೋಕೆ ಕಲಿತರು. ಆ ಕಣ್ಣು ಮಲೆನಾಡಿನ ಕಾಡಿನಿಂದ ಇಳಿದು ಈ ಬಯಲಿಗೂ ಬರಬೇಕು ಅನ್ನೋದು ನನ್ನ ಬಹಳ ದಿನದ ಆಸೆ.

— ಡ್ರೋನ್ ಹಾರಿಸು ಅಂತ ಸ್ನೇಹಿತರು ಹೇಳ್ತಾರೆ. ಹಳೇಬೀಡಿನಲ್ಲಿ ಪುರಾತತ್ವ ಇಲಾಖೆಯವರು ಬಿಡಲ್ಲ, ಅದು ಸರಿಯೇ. ಅಲ್ಲಿ ಟ್ರೈಪಾಡಿಗೂ ಅನುಮತಿ ಬೇಕು. ಕಾವಲಿನಲ್ಲಿ ಹಾರಿಸಬಹುದೇನೋ, ನನಗೇ ಮನಸ್ಸಿಲ್ಲ. ಮೇಲಿಂದ ನೋಡಿದರೆ ಹುಲ್ಲು ಬರೀ ಬಣ್ಣ ಆಗಿಬಿಡುತ್ತೆ. ನಾನು ಕ್ಯಾಮೆರಾವನ್ನ ಮೊಣಕಾಲಿನ ಎತ್ತರಕ್ಕೆ ಇಳಿಸ್ತೀನಿ. ಆಗ ತೆನೆ ಬಂದ ಹುಲ್ಲು ಗುಡ್ಡದ ಎತ್ತರಕ್ಕೆ ಏಳುತ್ತೆ. ಸೂರ್ಯ ಎದುರಿಗಿದ್ದರೆ ಒಂದೊಂದು ಊಬಿಗೂ ಬೆಳಕಿನ ಅಂಚು. ಗಾಳಿ ಬಂದರೆ ಶಟರ್ ನಿಧಾನ ಮಾಡ್ತೀನಿ, ಅರ್ಧ ಸೆಕೆಂಡು. ಬಂಡೆ ಚೂಪಾಗಿ ನಿಲ್ಲುತ್ತೆ, ಹುಲ್ಲು ಹರಿಯುತ್ತೆ. ಓಕ್ಲಿಯ ಕಾಲದಲ್ಲಿ ಕೆಟ್ಟ ಫೋಟೊ ಅಂತ ಬಿಸಾಡುತ್ತಿದ್ದದ್ದೇ ನನಗೆ ಬೇಕಾದ್ದು. ಕಪ್ಪುಬಿಳುಪು ಫಿಲ್ಮೂ ಆಗಾಗ ಹಾಕ್ತೀನಿ. ಕೆಂಪು ಫಿಲ್ಟರು ಇಟ್ಟರೆ ನಮ್ಮ ಕೆಮ್ಮಣ್ಣು ಬೆಳ್ಳಗಾಗುತ್ತೆ, ಆಕಾಶ ಕಪ್ಪಾಗುತ್ತೆ, ದನ ನಡೆದ ದಾರಿಗಳೆಲ್ಲ ಬಿಳಿ ಗೆರೆಯಾಗಿ ಎದ್ದು ಬರ್ತವೆ. ಎಷ್ಟು ದಾರಿಗಳಿವೆ ಅಂತ ಆಗಲೇ ಗೊತ್ತಾಗೋದು.

— ಆ ದಾರಿಗಳ ಚಿತ್ರವನ್ನ ದೊಡ್ಡದಾಗಿ ಅಚ್ಚು ಹಾಕಿಸು. ಅರಸೀಕೆರೆಯಲ್ಲೇ ತೋರಿಸೋಣ, ಬೆಂಗಳೂರಿನ ಗ್ಯಾಲರಿ ಆಮೇಲೆ. ಸಂತೆ ದಿನ ಶಾಲೆಯ ಹಾಲಿನಲ್ಲಿ ನೇತುಹಾಕಿದರೆ ಕೊಬ್ಬರಿ ಮಾರೋಕೆ ಬಂದವರೆಲ್ಲ ನೋಡುತ್ತಾರೆ. ಕೆಳಗೆ ಏನು ಬರೀತೀಯ?

— ತಿಂಗಳು, ಮಳೆ ನಕ್ಷತ್ರ, ಹುಲ್ಲಿನ ಹೆಸರು, ಯಾವ ಊರಿನ ಮಂದೆ ಅಂತ.

— ಕಾವಲಿನ ಹೆಸರು? ಸರ್ವೆ ನಂಬರು?

— ಜಾಗ ಹೇಳಬಾರದು ಅಂತ ಈಗಷ್ಟೇ ವಾದ ಮಾಡಿದೆನಲ್ಲ ಮೇಷ್ಟ್ರೇ.

— ಬಂಡೆಗುಡ್ಡದ್ದು ಹೇಳಬೇಡ, ಕರಡಿಯ ಸಂದಿ ಯಾವುದು ಅಂತ ಯಾರಿಗೂ ಗೊತ್ತಾಗಬಾರದು. ಕಾವಲಿಗೆ ಫೋಟೊ ತೆಗೆಯೋಕೆ ನೂರು ಜನ ಬಂದರೆ ಆಗುವ ನಷ್ಟಕ್ಕಿಂತ, ಅದು ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲದೆ ಒಂದು ಆದೇಶದಲ್ಲಿ ಹೋದರೆ ಆಗುವ ನಷ್ಟ ದೊಡ್ಡದು. ಪಹಣಿ ಈಗ ಆನ್‌ಲೈನಿನಲ್ಲೇ ಸಿಗುತ್ತೆ. ಚಿತ್ರದ ಕೆಳಗೆ ಸರ್ವೆ ನಂಬರು ಇದ್ದರೆ ನೋಡಿದವನು ಅದನ್ನ ತೆಗೆದು ಓದಬಹುದು, ಯಾವ ಹೆಸರಿನಲ್ಲಿದೆ, ವಿಸ್ತೀರ್ಣ ಎಷ್ಟು, ಹತ್ತು ವರ್ಷದ ಹಿಂದೆ ಎಷ್ಟಿತ್ತು ಅಂತ.

— ಹಕ್ಕಿ ಮೊಟ್ಟೆ ಇಡುವ ತಿಂಗಳ ಚಿತ್ರಗಳಿಗೆ ಹಾಕಲ್ಲ. ಉಳಿದದ್ದಕ್ಕೆ ಹಾಕ್ತೀನಿ.

— ಆಗಲಿ. ಪಹಣಿ ನಾನು ತೆಗೆಸಿಕೊಡುತ್ತೇನೆ. ಹಳೆಯ ಕಾವಲಿನ ಗಡಿಕಲ್ಲು ಎಲ್ಲೆಲ್ಲಿವೆ ಅಂತ ಆ ಅಜ್ಜನನ್ನೇ ಕೇಳೋಣ, ಅವರನ್ನೂ ಒಂದು ದಿನ ಕರೆದುಕೊಂಡು ಬಾ.